ಹಳೇ ಗ್ಯಾಜಿಯಾ ಕ್ಲಾಸಿಕ್‌ಗೆ ಪಿಐಡಿ ಕೂರಿಸೋದು: ಯಾವ ಸೆನ್ಸರ್, ಯಾವ ಎಸ್‌ಎಸ್‌ಆರ್, ಬೆಂಗಳೂರಿಗೆ ಎಷ್ಟು ಡಿಗ್ರಿ?

ಜಯನಗರ_ಶಾಟ್:

ಎಲ್ಲರಿಗೂ ನಮಸ್ಕಾರ. ಮೆಷಿನ್ ಹಳೇ ಗ್ಯಾಜಿಯಾ ಕ್ಲಾಸಿಕ್, ಮನೆಯಲ್ಲಿ ಎಸ್ಪ್ರೆಸೊ ಕಾಫಿ ಮಾಡೋದು, 230 ವೋಲ್ಟ್‌ದು. ಅಲ್ಯೂಮಿನಿಯಂ ಬಾಯ್ಲರ್, ಸೊಲೆನಾಯ್ಡ್ ವಾಲ್ವ್ ಇರೋ ಮಾಡೆಲ್. ಬ್ರೂ ಥರ್ಮೋಸ್ಟಾಟ್ ಮೇಲೆ 107, ಸ್ಟೀಮ್ ಥರ್ಮೋಸ್ಟಾಟ್ ಮೇಲೆ 145 ಅಂತ ಅಚ್ಚಾಗಿದೆ. ಬ್ರೂ ಥರ್ಮೋಸ್ಟಾಟ್ ಕಟ್ ಆಗಿ ಮತ್ತೆ ಆನ್ ಆಗೋದರೊಳಗೆ ಬಾಯ್ಲರ್ ಹದಿನೈದು ಡಿಗ್ರಿ ಹತ್ತಿರ ಇಳಿಯುತ್ತೆ. ಅದೇ ಬೀಜ, ಅದೇ ಗ್ರೈಂಡ್, ಒಂದು ಶಾಟ್ (ಒಂದು ಸಲ ಇಳಿಸೋ ಎಸ್ಪ್ರೆಸೊ) ಹುಳಿ, ಮುಂದಿನದು ಕಹಿ. ಲೈಟ್ ನೋಡ್ಕೊಂಡು ಕಾದು ಕಾದು ಶಾಟ್ ಎಳೆಯೋದು ಸಾಕು, ಬಿಸಿಯನ್ನ ಒಂದೇ ಮಟ್ಟದಲ್ಲಿ ಹಿಡಿಯೋ ಕಂಟ್ರೋಲರ್, ಅಂದರೆ ಪಿಐಡಿ, ಹಾಕೋಣ ಅಂತಿದೀನಿ.

ಗೊತ್ತಾಗಬೇಕಿರೋದು ಇಷ್ಟು. ಸೆನ್ಸರ್ ಕೆ-ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಬೆಸೆದದ್ದು) ಹಾಕಲಾ, ಪಿಟಿ100 (ಬಿಸಿಗೆ ಓಮ್ ಏರೋ ಪ್ಲಾಟಿನಂ ಸೆನ್ಸರ್) ಹಾಕಲಾ? ಪಿಐಡಿ ಹೇಳಿದ ಹಾಗೆ ಹೀಟರ್ ಆನ್-ಆಫ್ ಮಾಡೋ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ) 25 ಆಂಪ್ ಸಾಕಾ, 40 ಬೇಕಾ? ಸ್ಟೀಮ್‌ನೂ ಪಿಐಡಿಗೇ ಒಪ್ಪಿಸಬೇಕಾ, ಇರೋ ಥರ್ಮೋಸ್ಟಾಟ್ ಸಾಕಾ? ಕೊನೇದು, ನೆಟ್‌ನಲ್ಲಿ ಸಿಗೋ ಸೆಟ್ಟಿಂಗ್ ಎಲ್ಲ ಸಮುದ್ರ ಮಟ್ಟದ ಊರಿನವರದು. ನಮ್ಮೂರಲ್ಲಿ ನೀರು 97ಕ್ಕೇ ಕುದಿಯುತ್ತೆ. ಲೆಕ್ಕ ಬದಲಾಗುತ್ತಾ?

ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗೋ ಸಾಮಾನಲ್ಲೇ ಮುಗಿಸೋ ಆಸೆ. ಮಲ್ಟಿಮೀಟರ್, ಕ್ರಿಂಪಿಂಗ್, ಸೋಲ್ಡರಿಂಗ್ ಬರುತ್ತೆ.

ರಿಲೇ_ಮಾಸ್ತರ್:

ಜಯನಗರದವರೇ, ಸಾಮಾನು ತರೋ ಮುಂಚೆ ಹೀಟರ್ ಅಳೆದುಕೊಳ್ಳಿ. ಪ್ಲಗ್ ಕಿತ್ತು, ಬಾಯ್ಲರ್ ತಣ್ಣಗಾದ ಮೇಲೆ ಹೀಟರ್‌ಗೆ ಹೋಗೋ ಎರಡು ವೈರ್ ಬಿಚ್ಚಿ ಓಮ್ ನೋಡಿ. 38ರಿಂದ 41 ಓಮ್ ಬಂದರೆ 230 ವೋಲ್ಟ್‌ಗೆ 1300ರಿಂದ 1400 ವ್ಯಾಟ್, ಅಂದರೆ ಸುಮಾರು 6 ಆಂಪ್. ಹಾಗೇ ಹೀಟರ್ ತುದಿಗೂ ಬಾಯ್ಲರ್ ಮೈಗೂ ನಡುವೆ ಅಳೆಯಿರಿ. ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಹೀಟರ್ ಸೋರುತ್ತಿದೆ, ಪಿಐಡಿ ಮಾತು ಆಮೇಲೆ.

ಕರೆಂಟ್ 6 ಆಂಪ್ ಇರೋದರಿಂದ 25 ಆಂಪ್ ಎಸ್‌ಎಸ್‌ಆರ್ ಧಾರಾಳ ಸಾಕು. ಆದರೂ 40ರದು ತಗೊಳ್ಳಿ ಅಂತೀನಿ. ಕಾರಣ ಇಷ್ಟೇ: ಬಜಾರಿನಲ್ಲಿ ಫೋಟೆಕ್ ಹೆಸರಿನ ನಕಲಿ ಮಾಲು ಸಿಕ್ಕಾಪಟ್ಟೆ ಇದೆ, ಮೇಲೆ 40 ಅಂತ ಬರೆದು ಒಳಗೆ ಚಿಕ್ಕ ಟ್ರಯಾಕ್ (ಕರೆಂಟ್ ಹಾಯಿಸೋ ಎಲೆಕ್ಟ್ರಾನಿಕ್ ಸ್ವಿಚ್) ಕೂರಿಸಿರ್ತಾರೆ. ನಕಲಿ 40ರದು 6 ಆಂಪ್ ತಡೆಯಬಹುದು, ನಕಲಿ 25ರದನ್ನ ನಂಬೋಕಾಗಲ್ಲ. ನಂಬರ್ ಕೊನೆಯಲ್ಲಿ ‘ಡಿಎ’ ಅಂತ ಇರಬೇಕು: ಒಳಕ್ಕೆ ಡಿಸಿ, ಹೊರಕ್ಕೆ ಎಸಿ. ‘ಡಿಡಿ’, ‘ಎಎ’, ‘ವಿಎ’ ಕೊಟ್ಟರೆ ವಾಪಸ್ ಕೊಡಿ. ಇನ್‌ಪುಟ್ 3–32 ವೋಲ್ಟ್ ಡಿಸಿ ಇರುತ್ತೆ.

ಎಸ್‌ಎಸ್‌ಆರ್ ಆನ್ ಇದ್ದಾಗ ಅದರ ಮೇಲೆ ಒಂದರಿಂದ ಒಂದೂವರೆ ವೋಲ್ಟ್ ಬೀಳುತ್ತೆ. 6 ಆಂಪ್‌ಗೆ 6ರಿಂದ 9 ವ್ಯಾಟ್ ಬಿಸಿ ಅಲ್ಲೇ ಹುಟ್ಟುತ್ತೆ. ಹೀಟ್ ಸಿಂಕ್ ಬೇರೆ ತರಬೇಕಿಲ್ಲ, ಮೆಷಿನ್ನಿನ ಹಿಂದಿನ ತಗಡಿಗೆ ಥರ್ಮಲ್ ಪೇಸ್ಟ್ ಹಚ್ಚಿ ಎರಡು ಎಂ4 ಸ್ಕ್ರೂನಲ್ಲಿ ಬಿಗಿದರೆ ಆಯ್ತು. ಪೇಂಟ್ ಇದ್ದರೆ ಆ ಜಾಗ ಕೆರೆದು ತೆಗೀರಿ. ಬಾಯ್ಲರ್ ಪಕ್ಕದ ಗೋಡೆಗೆ ಮಾತ್ರ ಕೂರಿಸಬೇಡಿ, ಅಲ್ಲಿ ಮೊದಲೇ ಸುಡುತ್ತಿರುತ್ತೆ.

ವೈರಿಂಗ್ ವಿಷಯ. ಹಳೇ ಕ್ಲಾಸಿಕ್‌ನಲ್ಲಿ ಬ್ರೂ ಥರ್ಮೋಸ್ಟಾಟ್, ಸ್ಟೀಮ್ ಥರ್ಮೋಸ್ಟಾಟ್ ಎರಡೂ ಸಾಲಾಗಿ ಇವೆ. ಸ್ಟೀಮ್ ಸ್ವಿಚ್ ಒತ್ತಿದರೆ ಬ್ರೂ ಥರ್ಮೋಸ್ಟಾಟ್‌ನ ಎರಡು ತುದಿ ಒಂದಾಗಿ, 145ರದು ಕೆಲಸ ಮಾಡುತ್ತೆ. ಹೀಗಾಗಿ ಕೆಲಸ ಸುಲಭ: 107ರ ಥರ್ಮೋಸ್ಟಾಟ್‌ಗೆ ಹೋಗಿದ್ದ ಎರಡು ವೈರ್ ಕಿತ್ತು ಎಸ್‌ಎಸ್‌ಆರ್‌ನ ಎಸಿ ಕಡೆಯ ಎರಡು ಸ್ಕ್ರೂಗೆ ಹಾಕಿ. ಎಸಿ ಕಡೆ ಪ್ಲಸ್ ಮೈನಸ್ ಇಲ್ಲ, ಯಾವುದು ಎಲ್ಲಿಗಾದರೂ ಸರಿ. ಡಿಸಿ ಕಡೆ ಮಾತ್ರ ಪ್ಲಸ್‌ಗೆ ಪ್ಲಸ್. ಪಿಐಡಿ ಮೀಟರ್‌ಗೆ ಕರೆಂಟನ್ನ ಮೇನ್ ಸ್ವಿಚ್ ದಾಟಿದ ಮೇಲಿನ ಫೇಸ್, ನ್ಯೂಟ್ರಲ್‌ನಿಂದ ತಗೊಂಡು, ಫೇಸ್‌ಗೆ 1 ಆಂಪ್ ಫ್ಯೂಸ್ ಹಾಕಿ. ವೈರಿಂಗ್ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತೆ, ಕೈ ಹಾಕೋ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಮಲ್ಟಿಮೀಟರನ್ನ ಕಂಟಿನ್ಯೂಟಿಗೆ ಇಟ್ಟು ಖಚಿತ ಮಾಡಿಕೊಳ್ಳಿ.

ಹೀಟರ್ ಕರೆಂಟ್ ಹರಿಯೋ ವೈರ್ 1.5 ಚದರ ಮಿ.ಮೀ., ಸಿಲಿಕೋನ್ ಇಲ್ಲ ಟೆಫ್ಲಾನ್ ಹೊದಿಕೆಯದು. ಮನೆ ವೈರಿಂಗ್‌ನ ಸಾದಾ ಪಿವಿಸಿ ವೈರ್ 70 ಡಿಗ್ರಿಯದು, ಬಾಯ್ಲರ್‌ಗೆ ತಾಗಿದರೆ ಕರಗಿ ಕೂರುತ್ತೆ. ಲಗ್‌ಗಳು 6.3 ಮಿ.ಮೀ. ಹೆಣ್ಣು ಸ್ಪೇಡ್, ಕ್ರಿಂಪ್ ಮಾಡಿದ್ದು. ಬಿಸಿ ಜಾಗದಲ್ಲಿ ಸೋಲ್ಡರ್ ನೆಚ್ಚಬೇಡಿ.

ಬಾಯ್ಲರ್ ಮೇಲಿರೋ ಥರ್ಮಲ್ ಫ್ಯೂಸ್‌ಗೆ ಕೈ ಹಚ್ಚಬೇಡಿ. ಎಸ್‌ಎಸ್‌ಆರ್ ಸತ್ತರೆ ಬಹುಪಾಲು ಶಾರ್ಟ್ ಆಗಿಯೇ ಸಾಯುತ್ತೆ, ಅಂದರೆ ಹೀಟರ್ ಆರೋದೇ ಇಲ್ಲ. ಆಗ ಮೆಷಿನ್ ಉಳಿಸೋದು ಸಾಲಿನಲ್ಲಿರೋ 145ರ ಥರ್ಮೋಸ್ಟಾಟು, ಅದೂ ಕೈಕೊಟ್ಟರೆ ಆ ಫ್ಯೂಸು. ಸ್ಟೀಮ್ ಸ್ವಿಚ್ ಒತ್ತದೆ ಡಿಸ್ಪ್ಲೇ 140ರ ಹತ್ತಿರ ಓಡಾಡ್ತಿದ್ದರೆ, ಮೀಟರ್ ಔಟ್‌ಪುಟ್ ಲೈಟ್ ಆರಿದ್ದರೆ, ಎಸ್‌ಎಸ್‌ಆರ್ ಹೋಗಿದೆ ಅಂತಲೇ ಅರ್ಥ.

ಓಮ್ಸ್_ಲಾ:

ಮಾಸ್ತರ್ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ.

ಈ ಮೆಷಿನ್ ಯುರೋಪಿನಿಂದ ಬಂದಿದ್ದರೆ ಪ್ಲಗ್ಗಿಗೆ ದುಂಡನೆ ಎರಡೇ ಪಿನ್, ಅರ್ತ್ ಪಕ್ಕದ ಪಟ್ಟಿಯಲ್ಲಿ. ಅದನ್ನ ನಮ್ಮ ಸಾಕೆಟ್‌ಗೆ ತುರುಕಿದರೆ, ಇಲ್ಲ ಟ್ರಾವೆಲ್ ಅಡಾಪ್ಟರ್ ಹಾಕಿದರೆ, ಮೆಷಿನ್ ನಡೆಯುತ್ತೆ, ಅರ್ತ್ ಮಾತ್ರ ಇರೋದಿಲ್ಲ. ನೀರು, ಸ್ಟೀಲ್ ಮೈ, 230 ವೋಲ್ಟ್ ಮೂರೂ ಒಂದೇ ಕಡೆ. ಪ್ಲಗ್ ಕತ್ತರಿಸಿ 16 ಆಂಪ್ ಮೂರು ಪಿನ್ ಹಾಕಿ. 6 ಆಂಪ್ ಸಾಕೆಟ್‌ಗೆ 6 ಆಂಪ್ ಸತತ ಎಳೆಯೋ ಹೀಟರ್ ಹಾಕಿದರೆ ಸಾಕೆಟ್ ಕಪ್ಪಾಗುತ್ತೆ. ಆ ಲೈನ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್) ಇದೆಯಾ ನೋಡಿ, ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತಾ ಅಂತಲೂ ನೋಡಿ.

ಇನ್ನೊಂದು, ಎಸ್‌ಎಸ್‌ಆರ್ ಆಫ್ ಇದ್ದಾಗಲೂ ಕೆಲವು ಮಿಲಿಆಂಪ್ ಸೋರುತ್ತೆ. ಲೋಡ್ ಇಲ್ಲದೆ ಮಲ್ಟಿಮೀಟರ್ ಇಟ್ಟರೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ತೋರಿಸುತ್ತೆ, ‘ಹೊಸದೇ ಹೋಗಿದೆ’ ಅಂತ ಅಂಗಡಿಗೆ ಓಡಬೇಡಿ. ಮೆಷಿನ್ನಿಗೆ ಹಾಕೋ ಮುಂಚೆ 60 ವ್ಯಾಟ್ ಹಳೇ ಬಲ್ಬ್ ಜೋಡಿಸಿ ಪರೀಕ್ಷೆ ಮಾಡಿ. ಎಲ್‌ಇಡಿ ಬಲ್ಬ್ ಬೇಡ, ಅದು ಸೋರಿಕೆಗೇ ಮಿಣಮಿಣ ಅಂತಿರುತ್ತೆ. ಮತ್ತೆ ಈ ಸೋರಿಕೆ ಇದೆ ಅನ್ನೋ ಕಾರಣಕ್ಕೇ, ಪಿಐಡಿ ಆಫ್ ಇದೆ ಅಂದ್ಕೊಂಡು ಹೀಟರ್ ತುದಿ ಮುಟ್ಟೋ ಹಾಗಿಲ್ಲ. ಪ್ಲಗ್ ಕಿತ್ತರೆ ಮಾತ್ರ ಆಫ್.

ಪೀಣ್ಯ_ಫಿಟ್ಟರ್:

ಸೆನ್ಸರ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಇಡೀ ಕೆಲಸದ ಜೀವ ಅದರಲ್ಲೇ ಇದೆ. ಮೀಟರ್ ಎಷ್ಟೇ ಒಳ್ಳೇದಿರಲಿ, ಸೆನ್ಸರ್ ತಡವಾಗಿ ಹೇಳಿದರೆ ತಡವಾದ ಸುದ್ದಿಗೇ ಹೀಟರ್ ಕುಣಿಯುತ್ತೆ.

ನನ್ನ ಮತ ಪಿಟಿ100ಗೆ, ಅದೂ ಮೂರು ವೈರಿನದು, ಎಂ4 ಥ್ರೆಡ್ಡಿನದು. 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5 ಓಮ್, ಮಲ್ಟಿಮೀಟರಲ್ಲೇ ಪರೀಕ್ಷಿಸಬಹುದು. ‘ಎ’ ಕ್ಲಾಸ್ ಆದರೆ 100 ಡಿಗ್ರಿಯಲ್ಲಿ 0.35 ಡಿಗ್ರಿ ಒಳಗೆ ಇರುತ್ತೆ, ‘ಬಿ’ ಕ್ಲಾಸ್ ಆದರೆ 0.8. ಕೆ-ಟೈಪ್‌ನಲ್ಲಿ ಉತ್ತಮ ಕ್ಲಾಸಿನದೇ ಒಂದೂವರೆ ಡಿಗ್ರಿ ಆಚೀಚೆ. ಆದರೆ ಪಿಟಿ100ಗೆ ಎರಡೇ ವೈರ್ ಎಳೆದರೆ ವೈರಿನ ಓಮ್ ಕೂಡ ಬಿಸಿ ಅಂತ ಲೆಕ್ಕಕ್ಕೆ ಸೇರುತ್ತೆ. 0.39 ಓಮ್‌ಗೆ ಒಂದು ಡಿಗ್ರಿ. ಮೂರನೇ ವೈರ್ ಇರೋದು ಅದನ್ನ ಕಳೆಯೋಕೆ. ಒಂದೇ ಬಣ್ಣದ ಎರಡು ವೈರ್ ಪರಸ್ಪರ ಸೊನ್ನೆ ಓಮ್ ತೋರಿಸುತ್ತವೆ, ಅವೆರಡೂ ಒಂದು ಕಡೆಯವು.

ಮೀಟರ್ ಪಿಟಿ100 ತಗೊಳ್ಳಲ್ಲ ಅಂದರೆ ಕೆ-ಟೈಪ್ ಹಾಕಿ, ತಲೆ ಹೋಗೋ ವಿಷಯ ಅಲ್ಲ. ಬಣ್ಣದಲ್ಲಿ ಮೋಸ ಹೋಗಬೇಡಿ. ಹಳದಿ-ಕೆಂಪು ಜೋಡಿ ಅಮೆರಿಕದ ಪದ್ಧತಿ, ಅಲ್ಲಿ ಕೆಂಪೇ ಮೈನಸ್. ಹಸಿರು-ಬಿಳಿ ಐಇಸಿ (ಅಂತರರಾಷ್ಟ್ರೀಯ) ಪದ್ಧತಿ, ಹಸಿರು ಪ್ಲಸ್. ಚೀನಾ ಪ್ಯಾಕೆಟ್‌ಗಳಲ್ಲಿ ಕೆಂಪು-ನೀಲಿ ಬರುತ್ತೆ, ಅಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್. ಜೋಡಿಸಿ ತುದಿಯನ್ನ ಬೆರಳಲ್ಲಿ ಹಿಡೀರಿ, ಅಂಕಿ ಇಳಿದರೆ ತಿರುಗಾಮುರುಗಾ ಆಗಿದೆ. ಅದನ್ನ ಹಾಗೇ ಬಿಟ್ಟು ಮೆಷಿನ್ ಆನ್ ಮಾಡಿದರೆ ಬಾಯ್ಲರ್ ಕಾದಷ್ಟೂ ಮೀಟರ್ ‘ಇನ್ನೂ ತಣ್ಣಗಿದೆ’ ಅಂತ ಹೀಟರ್ ಹಾಕ್ತಾನೇ ಇರುತ್ತೆ. ವೈರ್ ಸಾಲದಿದ್ದರೆ ತಾಮ್ರದ ವೈರ್ ಗಂಟು ಹಾಕಬೇಡಿ. ಗಂಟು ಇರೋ ಜಾಗದ ಬಿಸಿ, ಅಂದರೆ ಮೆಷಿನ್ ಒಳಗಿನ 50–60 ಡಿಗ್ರಿ, ರೀಡಿಂಗ್ ಕೆಡಿಸುತ್ತೆ. ಕೆ-ಟೈಪ್ ಎಕ್ಸ್‌ಟೆನ್ಷನ್ ಕೇಬಲ್ಲೇ ಬೇಕು.

ಕೂರಿಸೋ ಜಾಗ: 107ರ ಥರ್ಮೋಸ್ಟಾಟ್ ಬಿಚ್ಚಿದ ತೂತೇ. ಬಿಚ್ಚುವಾಗ ತಾಳ್ಮೆ ಇರಲಿ. ಹಳೇ ಪೇಸ್ಟ್ ಒಣಗಿ ಕಚ್ಚಿಕೊಂಡಿರುತ್ತೆ, ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸಿದರೆ ಎಂ4 ಕಡ್ಡಿ ಒಳಗೇ ಮುರಿಯುತ್ತೆ, ಆಮೇಲೆ ಅಲ್ಯೂಮಿನಿಯಂ ಬಾಯ್ಲರ್‌ಗೆ ಡ್ರಿಲ್ ಹಿಡಿಯೋ ಗತಿ. ಮೆಷಿನ್ ಆನ್ ಮಾಡಿ ಬಿಸಿ ಮಾಡಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಸರಿಯಾದ ಸ್ಪ್ಯಾನರ್‌ನಿಂದ ಬುಡದ ಹೆಕ್ಸ್ ಹಿಡಿದು ಅರ್ಧರ್ಧ ಸುತ್ತು ಬಿಡಿಸಿ. ತೂತು ಒರೆಸಿ, ಹೊಸ ಸೆನ್ಸರ್ ಬುಡಕ್ಕೆ ಅಕ್ಕಿಕಾಳಿನಷ್ಟು ಪೇಸ್ಟ್, ಕೈಯಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು. ಅಷ್ಟೇ. ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದರೆ ಮತ್ತೆ ಬರಲ್ಲ.

ಜಯನಗರ_ಶಾಟ್:

ಎಲ್ಲರಿಗೂ ಥ್ಯಾಂಕ್ಸ್. ಜೋಡಿಸಿಯಾಯ್ತು. ಪಿಐಡಿ ಮೀಟರ್ ರೆಕ್ಸ್-ಸಿ100 ತರದ್ದು, 48×48 ಸೈಜು, ಕೆ-ಟೈಪ್ ಸೆನ್ಸರ್, 40 ಡಿಎ. ಬೋಲ್ಟ್, ವೈರ್ ಎಲ್ಲ ಹೇಳಿದ ಹಾಗೇ. ಬಲ್ಬ್ ಟೆಸ್ಟ್ ಪಾಸ್. ಆದರೆ 103 ಸೆಟ್ ಮಾಡಿದರೆ ಅಂಕಿ 97ರಿಂದ 111ರವರೆಗೆ ಉಯ್ಯಾಲೆ ಆಡ್ತಿದೆ. ಆಟೋಟ್ಯೂನ್ (ಮೀಟರ್ ತಾನೇ ಸೆಟ್ಟಿಂಗ್ ಹುಡುಕಿಕೊಳ್ಳೋದು) ಮಾಡಿದ ಮೇಲೂ ಅಷ್ಟೇ. ಹಳೇ ಥರ್ಮೋಸ್ಟಾಟೇ ವಾಸಿ ಅನ್ನೋ ಹಾಗಿದೆ. ಎಲ್ಲಿ ನೋಡಲಿ?

ಡೆರಿವೇಟಿವ್_ಅಕ್ಕ:

ಮೊದಲು ಕಿವಿ ಕೊಡಿ. ಔಟ್‌ಪುಟ್ ಲೈಟ್ ಹತ್ತಿ ಆರುವಾಗ ಮೀಟರ್ ಒಳಗಿಂದ ಟಕ್ ಟಕ್ ಅಂತ ಸದ್ದು ಬರುತ್ತಾ? ಬಂದರೆ ನಿಮಗೆ ಕೊಟ್ಟಿರೋದು ರಿಲೇ ಔಟ್‌ಪುಟ್ ಮೀಟರು. ಲೇಬಲ್‌ನ ಕೋಡಿನಲ್ಲಿ ‘ವಿ’ ಇದ್ದರೆ ಎಸ್‌ಎಸ್‌ಆರ್‌ಗೆ ವೋಲ್ಟೇಜ್ ಕೊಡೋದು, ‘ಎಂ’ ಇದ್ದರೆ ರಿಲೇ. ಲೇಬಲ್ಲನ್ನೂ ಪೂರ್ತಿ ನಂಬಬೇಡಿ, ಔಟ್‌ಪುಟ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ, ಲೈಟ್ ಹತ್ತಿದಾಗ ಕೆಲವು ವೋಲ್ಟ್ ಬರಲೇಬೇಕು. ನಿಮ್ಮ ಹೀಟರ್ ಆನ್-ಆಫ್ ಆಗ್ತಿದೆ ಅಂದಮೇಲೆ ಇದು ಸರಿ ಇರೋ ಹಾಗೆ ಕಾಣುತ್ತೆ.

ಹಾಗಾದರೆ ಕಳ್ಳ ಇರೋದು ಸೈಕಲ್ ಟೈಮ್‌ನಲ್ಲಿ, ಅಂದರೆ ಒಂದು ಆನ್-ಆಫ್ ಸುತ್ತು ಹಿಡಿಯೋ ಹೊತ್ತಿನಲ್ಲಿ. ಈ ಜಾತಿ ಮೀಟರ್‌ಗಳು ರಿಲೇಗೆ ಅಂತ 20 ಸೆಕೆಂಡ್ ಇಟ್ಟು ಬರ್ತವೆ. 30 ಪರ್ಸೆಂಟ್ ಪವರ್ ಬೇಕು ಅಂದರೆ 6 ಸೆಕೆಂಡ್ ಪೂರ್ತಿ ಆನ್, 14 ಸೆಕೆಂಡ್ ಪೂರ್ತಿ ಆಫ್. 1400 ವ್ಯಾಟ್ 6 ಸೆಕೆಂಡ್ ಅಂದರೆ 8400 ಜೂಲ್ ಒಂದೇ ಏಟಿಗೆ. ಬಾಯ್ಲರ್‌ನಲ್ಲಿರೋದು ಸುಮಾರು 100 ಮಿ.ಲೀ. ನೀರು, ಅದನ್ನ ಒಂದು ಡಿಗ್ರಿ ಏರಿಸೋಕೆ 420 ಜೂಲ್ ಸಾಕು. ಅಲ್ಯೂಮಿನಿಯಂ ಒಂದಷ್ಟು ಹೀರಿಕೊಳ್ಳುತ್ತೆ ನಿಜ, ಆದರೂ ಉಯ್ಯಾಲೆ ಆಡದೆ ಏನು ಮಾಡೀತು. ಸೈಕಲ್ ಟೈಮ್ 1ಕ್ಕೆ ಇಳಿಸಿ, 1 ತಗೊಳ್ಳದಿದ್ದರೆ 2. 50 ಹರ್ಟ್ಸ್‌ನಲ್ಲಿ ಒಂದು ಸೆಕೆಂಡಿಗೆ 100 ಅರ್ಧ ಅಲೆ ಇರ್ತವೆ, ಎಸ್‌ಎಸ್‌ಆರ್‌ಗೆ ಹಂಚೋಕೆ ಅಷ್ಟು ಸಾಕು.

ಇದನ್ನ ಬದಲಿಸದೆ ಆಟೋಟ್ಯೂನ್ ಮಾಡಿದ್ದರೆ ಅದು ಹುಡುಕಿದ ಪಿ, ಐ, ಡಿ (ಪವರ್ ಎಷ್ಟು ಅಂತ ತೀರ್ಮಾನಿಸೋ ಮೂರು ಅಂಕಿ) ಎಲ್ಲ ಕಸ. ಮತ್ತೆ ಮಾಡಿ. ಬಾಯ್ಲರ್ ತುಂಬಾ ನೀರಿರಲಿ, ಗ್ರೂಪ್‌ನಿಂದ (ಬಿಸಿನೀರು ಇಳಿಯೋ ಬಾಯಿ) ಧಾರೆ ಬರೋವರೆಗೆ ಪಂಪ್ ಓಡಿಸಿ. ಪೋರ್ಟಾಫಿಲ್ಟರ್ (ಕಾಫಿಪುಡಿ ತುಂಬಿ ಸಿಕ್ಕಿಸೋ ಹಿಡಿಕೆ) ಹಾಕಿಯೇ ಇರಲಿ. ಮೆಷಿನ್ ಹದಿನೈದು ಇಪ್ಪತ್ತು ನಿಮಿಷ ಕಾದ ಮೇಲೆ ಶುರು ಮಾಡಿ, ಮುಗಿಯೋವರೆಗೆ ಪಂಪ್, ಸ್ಟೀಮ್ ಯಾವುದೂ ಮುಟ್ಟಬೇಡಿ.

ಆಮೇಲೂ ಕೈಯಲ್ಲಿ ತಿದ್ದಬೇಕಾಗುತ್ತೆ. ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ: ರೆಕ್ಸ್ ತರದ ಮೀಟರ್‌ನಲ್ಲಿ ‘ಪಿ’ ಅಂದರೆ ಪ್ರೊಪೋರ್ಷನಲ್ ಬ್ಯಾಂಡ್, ಡಿಗ್ರಿಯಲ್ಲಿ. ಪಿ 10 ಅಂದರೆ ಸೆಟ್‌ಗೆ 10 ಡಿಗ್ರಿ ಹತ್ತಿರ ಬಂದಾಗಿನಿಂದ ಪವರ್ ಇಳಿಸುತ್ತಾ ಬರುತ್ತೆ. ಅಂಕಿ ದೊಡ್ಡದಾದಷ್ಟೂ ಸಮಾಧಾನಿ. ಆರ್ಡುಯಿನೋ, ಇಎಸ್‌ಪಿ32 ತರದ ಚಿಕ್ಕ ಕಂಪ್ಯೂಟರ್ ಬೋರ್ಡ್‌ಗೆ ಬರೆದ ಕೋಡ್‌ಗಳಲ್ಲಿ ಪಿ ಅಂದರೆ ಗೇನ್, ಅಲ್ಲಿ ಅಂಕಿ ದೊಡ್ಡದಾದಷ್ಟೂ ಅವಸರ. ನೆಟ್‌ನಲ್ಲಿ ಯಾರೋ ಕೊಟ್ಟ ಪಿ ಅಂಕಿಯನ್ನ ಯಾವ ಮೀಟರಿನದು ಅಂತ ನೋಡದೆ ಹಾಕಿದರೆ ಉಲ್ಟಾ ಹೊಡೆಯುತ್ತೆ.

ನಿಮ್ಮ ಮೀಟರ್‌ಗೆ ಪಿ 8, ಐ 180, ಡಿ 40ರಿಂದ ಶುರು ಮಾಡಿ. ಸೆಟ್ ದಾಟಿ ಮೇಲಕ್ಕೆ ಹೋಗಿ ಉಯ್ಯಾಲೆ ಆಡಿದರೆ ಪಿ ಎರಡೆರಡು ಏರಿಸಿ. ಉಯ್ಯಾಲೆ ನಿಂತು, ಸೆಟ್‌ಗಿಂತ ಒಂದೆರಡು ಡಿಗ್ರಿ ಕೆಳಗೇ ಬಹಳ ಹೊತ್ತು ಕೂತರೆ ಐ ಕಡಿಮೆ ಮಾಡಿ. ಈ ಮೀಟರ್‌ನಲ್ಲಿ ಐ ಸೆಕೆಂಡ್‌ನಲ್ಲಿದೆ, ಕಡಿಮೆ ಮಾಡಿದರೆ ಜೋರಾಗುತ್ತೆ. ಡಿ ಅಂಕಿ ಐ ಅಂಕಿಯ ಸುಮಾರು ಐದನೇ ಒಂದು ಭಾಗ ಇರಲಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಹತ್ತು ನಿಮಿಷ ಬಿಟ್ಟು ನೋಡಿ.

ಅಂಕಿ ನಿಂತ ಮೇಲೂ ಶಾಟ್ ಎಳೆದಾಗ ಡಿಸ್ಪ್ಲೇ ಇಳಿಯುತ್ತೆ, ಗಾಬರಿ ಬೇಡ. ಒಂದು ಡಬಲ್ ಶಾಟ್‌ಗೆ ಪುಡಿ ಹೀರೋದೂ ಸೇರಿ ಸುಮಾರು 60 ಮಿ.ಲೀ. ನೀರು ಟ್ಯಾಂಕ್‌ನಿಂದ ಒಳಗೆ ಬರುತ್ತೆ. 25 ಡಿಗ್ರಿಯಿಂದ 93ಕ್ಕೆ ಏರಿಸೋಕೆ ಸುಮಾರು 17,000 ಜೂಲ್. 30 ಸೆಕೆಂಡಿನಲ್ಲಿ ಅಂದರೆ 570 ವ್ಯಾಟ್, ನಿಮ್ಮ ಹೀಟರಿನ 40 ಪರ್ಸೆಂಟ್. ಶಕ್ತಿ ಇದೆ, ಆದರೆ ಸೆನ್ಸರ್‌ಗೆ ಸುದ್ದಿ ಮುಟ್ಟೋದರೊಳಗೆ ಶಾಟ್ ಅರ್ಧ ಆಗಿರುತ್ತೆ. ಅದಕ್ಕೆ ಪಂಪ್ ಒತ್ತಿದ ಕೂಡಲೇ ಸ್ಟೀಮ್ ಸ್ವಿಚ್ ಐದು ಸೆಕೆಂಡ್ ಆನ್ ಮಾಡಿ ಆಫ್ ಮಾಡಿ. 7000 ಜೂಲ್ ಮೊದಲೇ ಬಿತ್ತು. ಒರಟು ಉಪಾಯ, ಆದರೆ ಕೆಲಸ ಮಾಡುತ್ತೆ. ಇದನ್ನೇ ಕೋಡ್‌ನಲ್ಲಿ ಮಾಡಬೇಕು ಅಂದರೆ ಗ್ಯಾಜಿಯುಯಿನೋ ತರದ, ಗ್ಯಾಜಿಯಾಗೆ ಇಂಥ ಬೋರ್ಡ್ ಕೂರಿಸೋ ಪ್ರಾಜೆಕ್ಟ್ ಕಡೆ ಹೋಗಬೇಕು, ಅಲ್ಲಿ ಪ್ರೆಷರ್ರೂ ಸೇರಿಕೊಳ್ಳುತ್ತೆ. ಅದು ಒಂದು ಭಾನುವಾರದ ಕೆಲಸ ಅಲ್ಲ.

ಇಎಸ್‌ಪಿ32 ದಾರಿ ಹಿಡಿಯೋರಿಗೆ ಒಂದು ಮಾತು: ಥರ್ಮೋಕಪಲ್ ಓದೋ ಮ್ಯಾಕ್ಸ್31855 ಚಿಪ್‌ಗೆ ತುದಿ ಲೋಹದ ಮೈಗೆ ಬೆಸೆದಿರೋ ಥರ್ಮೋಕಪಲ್ ಆಗಿಬರಲ್ಲ. ಬಾಯ್ಲರ್ ಅರ್ತ್ ಆಗಿರೋದರಿಂದ ಫಾಲ್ಟ್ ತೋರಿಸುತ್ತೆ, ಇಲ್ಲ ಅಂಕಿ ಕುಣಿಯುತ್ತೆ. ಅನ್‌ಗ್ರೌಂಡೆಡ್ (ತುದಿ ಲೋಹದ ಮೈಗೆ ತಾಗದ್ದು) ಅಂತ ಕೇಳಿ ತಗೊಳ್ಳಿ.

ಮಲ್ಲೇಶ್ವರ_ಡೆಮಿಟಾಸ್:

ಅಕ್ಕ ಹೇಳಿದ ಮೇಲೆ ಟ್ಯೂನಿಂಗ್‌ಗೆ ನಾನೇನೂ ಸೇರಿಸಲ್ಲ. ಬೆಂಗಳೂರಿನ ಲೆಕ್ಕ ಯಾರೂ ಮುಟ್ಟಿಲ್ಲ, ಅದನ್ನ ಹೇಳ್ತೀನಿ.

ನಮ್ಮೂರು ಸುಮಾರು 900ರಿಂದ 920 ಮೀಟರ್ ಎತ್ತರ. ಗಾಳಿಯ ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸು, ನೀರು ಕುದಿಯೋದು 97ಕ್ಕೆ. ಆದರೆ ಪುಡಿಯ ಮೂಲಕ ನೀರು ಹಾಯೋದು 9 ಬಾರ್‌ನಲ್ಲಿ. ಅಲ್ಲಿ ಕುದಿಯೋ ಪ್ರಶ್ನೆಯೇ ಇಲ್ಲ. 93 ಡಿಗ್ರಿ ಇಲ್ಲಿಯೂ 93, ಮಂಗಳೂರಿನಲ್ಲಿಯೂ 93. ಹಾಗಾಗಿ ಕಾಫಿಗೆ ಬೇಕಾದ ಡಿಗ್ರಿ ಬದಲಾಗಲ್ಲ.

ಬದಲಾಗೋದು ಅಳತೆ. ಸೆನ್ಸರ್ ತುದಿಯನ್ನ ಕೊತಕೊತ ಕುದಿಯೋ ನೀರಿಗೆ ಇಳಿಸಿ, ಮೀಟರ್ 97 ತೋರಿಸ್ತು ಅಂತ ಆಫ್‌ಸೆಟ್‌ನಲ್ಲಿ (ತೋರಿಸೋ ಅಂಕಿ ತಿದ್ದೋ ಸೆಟ್ಟಿಂಗ್) 3 ಸೇರಿಸಿ 100 ಮಾಡಿಬಿಡೋರು ಇದ್ದಾರೆ. ಸರಿ ಇದ್ದ ಸೆನ್ಸರ್ ಕೆಡಿಸಿದ ಹಾಗಾಯ್ತು. ಇಲ್ಲಿ 97 ಬಂದರೆ ಸರಿ. ತುದಿ ಪಾತ್ರೆಯ ತಳಕ್ಕೆ ತಾಗಬಾರದು, ವೈರ್ ಸೇರೋ ಬುಡಕ್ಕೆ ನೀರು ಹೋಗಬಾರದು. ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ ಕಲಸಿ, ಅದರಲ್ಲಿ 0 ಬರುತ್ತಾ ಅಂತಲೂ ನೋಡಿಕೊಳ್ಳಿ.

ಇನ್ನು ಮೀಟರ್ ತೋರಿಸೋದು ಬಾಯ್ಲರ್ ಗೋಡೆಯ ಬಿಸಿ, ಪುಡಿಗೆ ಮುಟ್ಟೋ ನೀರಿನದಲ್ಲ. ಕ್ಲಾಸಿಕ್‌ನಲ್ಲಿ ಇವೆರಡರ ನಡುವೆ ಹತ್ತು ಡಿಗ್ರಿ ಹತ್ತಿರ ಅಂತರ ಇರುತ್ತೆ, ಹೀಗಾಗಿ ಜನ 102ರಿಂದ 106ರ ನಡುವೆ ಸೆಟ್ ಮಾಡೋದು. ನಿಮ್ಮ ಮೆಷಿನ್ನಿನ ಅಂತರ ತಿಳಿಯೋಕೆ ತೆಳು ತಂತಿಯ ಕೆ-ಟೈಪ್ ಒಂದನ್ನ ಬ್ಯಾಸ್ಕೆಟ್ (ಪುಡಿ ಹಾಕೋ ಬಟ್ಟಲು) ಅಂಚಿನ ಮೇಲಿಂದ ಒಳಗೆ ಬಿಟ್ಟು, ತುದಿ ಪುಡಿಯ ಮೇಲ್ಭಾಗದಲ್ಲಿ ಇರೋ ಹಾಗೆ ಇಟ್ಟು ಪೋರ್ಟಾಫಿಲ್ಟರ್ ಬಿಗಿಯಿರಿ. ಗ್ಯಾಸ್ಕೆಟ್ ಪಕ್ಕ ಒಂಚೂರು ನೀರು ಸೋರುತ್ತೆ, ಸೋರಲಿ. ಹತ್ತನೇ ಸೆಕೆಂಡಿನಿಂದ ಇಪ್ಪತ್ತೈದನೆಯವರೆಗಿನ ಅಂಕಿ ಬರೆದುಕೊಳ್ಳಿ. ಅದು ಲೆಕ್ಕ, ಶುರುವಿನ ಅಂಕಿ ಅಲ್ಲ.

ಉಪಕರಣ ಇಲ್ಲದೆಯೂ ಒಂದು ಗುರುತು ಸಿಗುತ್ತೆ. ಪೋರ್ಟಾಫಿಲ್ಟರ್ ತೆಗೆದು ಪಂಪ್ ಒತ್ತಿ. ನೀರು 97ಕ್ಕಿಂತ ಬಿಸಿ ಇದ್ದರೆ ಗಾಳಿಗೆ ಬಂದ ಕೂಡಲೇ ಚಿಟಪಟ ಅಂತ ಸಿಡಿದು ಹಬೆಯಾಗುತ್ತೆ. ಸೆಟ್ ಒಂದೊಂದೇ ಡಿಗ್ರಿ ಇಳಿಸುತ್ತಾ ಬನ್ನಿ, ಪ್ರತಿ ಸಲ ಬಿಸಿ ನಿಲ್ಲೋವರೆಗೆ ಕಾಯಿರಿ. ಸಿಡಿಯೋದು ನಿಂತು ಧಾರೆ ನುಣ್ಣಗಾದ ಅಂಕಿಯೇ ನಿಮ್ಮ ಮೆಷಿನ್ನಿನ 97. ಅಲ್ಲಿಂದ ನಾಲ್ಕು ಕೆಳಗೆ 93. ವಿದೇಶದ ವಿಡಿಯೋಗಳಲ್ಲಿ ಇದೇ ಗುರುತನ್ನ 100 ಅಂತ ಹಿಡೀತಾರೆ, ಅದನ್ನ ನಂಬಿದರೆ ಮೂರು ಡಿಗ್ರಿ ತಣ್ಣಗೆ ಎಳೀತೀರಿ.

ಚಿಕ್ಕಮಗಳೂರು ಕಡೆಯ ಮೀಡಿಯಂ ರೋಸ್ಟ್ ಅರೇಬಿಕಾಗೆ 92–94, ಕಪ್ಪಗೆ ಹುರಿದಿದ್ದಕ್ಕೆ, ಮಾನ್ಸೂನ್ಡ್ ಮಲಬಾರ್‌ಗೆ (ಮಳೆಗಾಲದ ಗಾಳಿಗೆ ಒಡ್ಡಿದ ಬೀಜ) 89–91 ನನ್ನ ರುಚಿಗೆ ಸರಿ. ಚಿಕೋರಿ ಬೆರೆತ ಫಿಲ್ಟರ್ ಪುಡಿ ಹಾಕಿ ಪರೀಕ್ಷೆ ಮಾಡೋಕೆ ಹೋಗಬೇಡಿ, ಅದು ಬ್ಯಾಸ್ಕೆಟ್ ಕಟ್ಟಿಕೊಂಡು ನೀರೇ ಇಳಿಯಲ್ಲ. ಮತ್ತೆ ಇದನ್ನೂ ಹೇಳಿಬಿಡ್ತೀನಿ, ಬೈಯಬೇಡಿ: ಅರ್ಧ ಡಿಗ್ರಿಗೆ ತಲೆ ಕೆಡಿಸಿಕೊಳ್ಳೋರ ಗ್ರೈಂಡರ್ ನೋಡಿದರೆ ಬ್ಲೇಡಿನದಾಗಿರುತ್ತೆ.

ಓಮ್ಸ್_ಲಾ:

ಡೆಮಿಟಾಸ್ ಅವರೇ, ಕೊನೇ ಮಾತು ಯಾರಿಗೆ ಅಂತ ಗೊತ್ತಾಯ್ತು, ಇರಲಿ. ಬೇಸಿಗೆಯಲ್ಲಿ ವೋಲ್ಟೇಜ್ ಬೀಳೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಪವರ್ ವೋಲ್ಟೇಜಿನ ವರ್ಗದ ಪ್ರಕಾರ ಇಳಿಯುತ್ತೆ. 230ರಲ್ಲಿ 1400 ವ್ಯಾಟ್ ಇರೋ ಹೀಟರ್ 200 ವೋಲ್ಟ್‌ನಲ್ಲಿ 1060 ವ್ಯಾಟ್ ಆಗುತ್ತೆ. ಅಕ್ಕ ಹೇಳಿದ ಐದು ಸೆಕೆಂಡ್ ಆಗ ಆರೂವರೆ ಆಗಬೇಕು. ಸಂಜೆ ಟ್ಯೂನ್ ಮಾಡಿದ್ದು ಬೆಳಿಗ್ಗೆ ಬೇರೆ ತರ ನಡೆದರೆ ಪಿಐಡಿ ಬೈಯೋ ಮುಂಚೆ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿ.

ಜಯನಗರ_ಶಾಟ್:

ಸೈಕಲ್ ಟೈಮ್ 20 ಇತ್ತು! 2 ಮಾಡಿ ಮತ್ತೆ ಆಟೋಟ್ಯೂನ್, ಪಿ 10ಕ್ಕೆ ಏರಿಸಿದ ಮೇಲೆ ಒಂದು ಡಿಗ್ರಿ ಆಚೀಚೆ ನಿಂತಿದೆ. ಸಿಡಿಯೋ ಪರೀಕ್ಷೆಯಲ್ಲಿ ನನ್ನ 97 ಅಂದರೆ ಮೀಟರಿನ 107, ಹಾಗಾಗಿ ಸೆಟ್ 103ಕ್ಕೇ ಬಿಟ್ಟಿದೀನಿ.

ಉಳಿದಿರೋದು ಸ್ಟೀಮ್. 145ರ ಥರ್ಮೋಸ್ಟಾಟ್ ಹಾಗೇ ಇದೆ. ಹಾಲು ಕಾಯಿಸಿ, ನೀರು ಬಿಟ್ಟು ತಣ್ಣಗೆ ಮಾಡಿದ ಮೇಲೆ ಅಂಕಿ 103 ದಾಟಿ 96ರವರೆಗೆ ಕುಸಿದು ನಿಧಾನ ಮೇಲೆ ಬರುತ್ತೆ. ಸ್ಟೀಮ್‌ನೂ ಪಿಐಡಿಗೆ ಕೊಟ್ಟರೆ ಇದು ಸರಿ ಹೋಗುತ್ತಾ? ಮತ್ತೆ ಮೀಟರ್ ಈಗ ವೈರ್ ಸಮೇತ ಮೆಷಿನ್ ಮೇಲೆ ಮಲಗಿದೆ, ಎಲ್ಲಿ ಕೂರಿಸಲಿ?

ರಿಲೇ_ಮಾಸ್ತರ್:

ಸ್ಟೀಮ್ ಕೊಟ್ಟರೂ ಅದು ಸರಿ ಹೋಗಲ್ಲ. ಸ್ಟೀಮ್ ಹೊತ್ತಲ್ಲಿ ಮೀಟರ್ 140 ನೋಡ್ತಾ ‘ಸೆಟ್‌ಗಿಂತ 37 ಮೇಲೆ’ ಅಂತ ಐ ಲೆಕ್ಕವನ್ನ (ಈವರೆಗಿನ ವ್ಯತ್ಯಾಸಗಳ ಮೊತ್ತ) ಕೆಳಗೆ ತಳ್ಳುತ್ತಾ ಹೋಗುತ್ತೆ. ಅದಕ್ಕೆ ಮಿತಿ ಹಾಕದ ಮೀಟರ್ ಆದರೆ, ಅಂಕಿ 103ಕ್ಕೆ ಇಳಿದರೂ ಆ ಹಳೇ ಬಾಕಿ ತೀರೋವರೆಗೆ ಹೀಟರ್ ಹಾಕಲ್ಲ. ಹಾಲು ಮುಗಿದು ನೀರು ಬಿಡುವಾಗ, 110ರ ಹತ್ತಿರ ಬಂದ ಕೂಡಲೇ ಮೀಟರ್ ಆಫ್ ಮಾಡಿ ಆನ್ ಮಾಡಿ, ಬಾಕಿ ಅಳಿಸಿಹೋಗುತ್ತೆ. ಅದಕ್ಕೆ ಮೀಟರ್ ಫೇಸ್‌ಗೆ ಒಂದು ಚಿಕ್ಕ ಸ್ವಿಚ್ ಹಾಕಿಕೊಂಡರೆ ಸಲೀಸು. ನೀರು ಬಿಡೋದನ್ನ ತಪ್ಪಿಸಬೇಡಿ. ಬಾಯ್ಲರ್ ತುಂಬದೆ ಬರೀ ಹಬೆ ಇರುವಾಗ ಹೀಟರ್ ಬಿದ್ದರೆ ಥರ್ಮಲ್ ಫ್ಯೂಸ್ ಹೋಗೋದು ಆ ಗಳಿಗೆಯಲ್ಲೇ.

145 ಕಿತ್ತು ಪಿಐಡಿಗೆ ಒಪ್ಪಿಸೋದು ನನಗಂತೂ ಇಷ್ಟ ಇಲ್ಲ. ಎಸ್‌ಎಸ್‌ಆರ್ ಶಾರ್ಟ್ ಆದರೆ ತಡೆಯೋಕೆ ಉಳಿಯೋದು ಫ್ಯೂಸ್ ಒಂದೇ.

ಮೀಟರ್‌ಗೆ 45×45 ಮಿ.ಮೀ. ಚೌಕ ತೂತು ಬೇಕು, ಹಿಂದೆ 100 ಮಿ.ಮೀ. ಆಳ. ಕ್ಲಾಸಿಕ್ ಒಳಗೆ ಅಷ್ಟು ಜಾಗ ಹುಡುಕಬೇಡಿ, ಸಿಕ್ಕರೂ ಬಾಯ್ಲರ್ ಬಿಸಿಗೆ ಮೀಟರ್ ಬಾಳಲ್ಲ. ಎಬಿಎಸ್ ಡಬ್ಬಿಯಲ್ಲಿ ಹಾಕಿ ಬಲಗಡೆ ಹೊರಮೈಗೆ ಕೂರಿಸಿ, ಸ್ಟೀಮ್ ಕಡ್ಡಿಯ ಹಬೆ ತಾಗದ ಎತ್ತರದಲ್ಲಿ. ವೈರ್ ತಗಡಿನ ತೂತು ದಾಟೋ ಕಡೆ ರಬ್ಬರ್ ಗ್ರಾಮೆಟ್ ಬೇಕೇ ಬೇಕು, ತಗಡಿನ ಅಂಚು ಸಿಲಿಕೋನ್ ಹೊದಿಕೆಯನ್ನ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತೆ. ಸೆನ್ಸರ್ ವೈರನ್ನ ಹೀಟರ್ ವೈರ್ ಜೊತೆ ಒಂದೇ ಕಟ್ಟು ಕಟ್ಟಬೇಡಿ, ಪಂಪ್ ಒತ್ತಿದಾಗೆಲ್ಲ ಅಂಕಿ ಎರಡು ಮೂರು ಡಿಗ್ರಿ ಹಾರುತ್ತೆ.

ಪೀಣ್ಯ_ಫಿಟ್ಟರ್:

ನೀರು ಯಾವುದು ಹಾಕ್ತೀರಿ? ಬೋರ್‌ವೆಲ್ ಇಲ್ಲ ಟ್ಯಾಂಕರ್ ನೀರಾದರೆ ಬಾಯ್ಲರ್ ಒಳಗೋಡೆಗೆ ಬಿಳಿ ಗಡಸು ಕಟ್ಟಿ, ಈಗ ಹತ್ತು ಇರೋ ಅಂತರ ನಿಧಾನಕ್ಕೆ ಹೆಚ್ಚುತ್ತೆ, ಟ್ಯೂನಿಂಗೂ ಸೋಮಾರಿಯಾಗುತ್ತೆ. ಬರೀ ಆರ್‌ಒ ನೀರೂ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತೆ, ಕಾಫಿಯೂ ಸಪ್ಪೆ. ಆರ್‌ಒ ನೀರಿಗೆ ಕಾವೇರಿ ನೀರು ಬೆರೆಸಿ ಟಿಡಿಎಸ್ (ನೀರಿನಲ್ಲಿ ಕರಗಿರೋ ಲವಣದ ಅಳತೆ) 75ರಿಂದ 150ರೊಳಗೆ ತನ್ನಿ. ಗಡಸು ತೆಗೆಯೋಕೆ ಲೀಟರ್‌ಗೆ 15–20 ಗ್ರಾಂ ಸಿಟ್ರಿಕ್ ಆಮ್ಲ ಸಾಕು, ಹದಿನೈದು ನಿಮಿಷಕ್ಕಿಂತ ಹೆಚ್ಚು ಒಳಗೆ ಬಿಡಬೇಡಿ, ಎರಡು ಟ್ಯಾಂಕ್ ಒಳ್ಳೇ ನೀರು ಹಾಯಿಸಿ. ಆಮೇಲೆ ಸಿಡಿಯೋ ಪರೀಕ್ಷೆ ಮತ್ತೊಂದು ಸಲ ಮಾಡಿ, 107 ಇದ್ದದ್ದು 105ಕ್ಕೆ ಬಂದಿದ್ದರೆ ಸೆಟ್ 101 ಮಾಡಿಕೊಳ್ಳಿ.